ತಂಗಿ ತಿಂದ ಬೆರಳು

ಗಿರಣಿ ಗೇಟಿನ ಎದುರಿನ ಕ್ಯಾಂಟೀನಿನಲ್ಲಿ ಯಾರೂ ಯಾರಿಗೂ ಬಡಿಸುತ್ತಿರಲಿಲ್ಲ. ಅನ್ನದ ಹಂಡೆ, ಸಾರಿನ ಹಂಡೆ, ಆಲೂಗಡ್ಡೆಯ ಬಾಣಲೆ, ಬ್ರೆಡ್ಡಿನ ಬುಟ್ಟಿ ಎಲ್ಲವೂ ಉದ್ದನೆಯ ಕಟ್ಟೆಯ ಮೇಲೆ ಸಾಲಾಗಿ ಕೂತಿರುತ್ತಿದ್ದವು. ಬಂದವರು ತಟ್ಟೆ ತೆಗೆದುಕೊಂಡು, ಬೇಕಾದಷ್ಟು ಹಾಕಿಕೊಂಡು, ಬೆಂಚಿನ ಮೇಲೆ ಕೂತು ತಿನ್ನಬೇಕು. ಬಿಟ್ಟರೆ ಬಿಟ್ಟರು, ಕೇಳುವವರಿಲ್ಲ. ಕಟ್ಟೆಯ ಹಿಂದೆ ಮೊಣಕೈಯುದ್ದದ ಸೌಟು ಹಿಡಿದು ನಿಂತ ಹೆಂಗಸು ಆ ಸೌಟಿನಿಂದ ಹಂಡೆ ತಿರುವುತ್ತಿದ್ದಳು, ನೊಣ ಓಡಿಸುತ್ತಿದ್ದಳು, ಸಾಲು ಮುರಿದು ನುಗ್ಗುವವರ ಬೆನ್ನಿಗೆ ಬಾರಿಸುತ್ತಿದ್ದಳು. ಒಬ್ಬರ ತಟ್ಟೆಗೂ ಒಂದು ಸೌಟು ಹಾಕುತ್ತಿರಲಿಲ್ಲ. ಅದಕ್ಕೇ ಗಿರಣಿಯವರು ಆಕೆಗೆ ಸೌಟಕ್ಕ ಎಂದು ಹೆಸರಿಟ್ಟಿದ್ದರು.

ಹೊಸದಾಗಿ ಸೇರಿದ ಫಿಟ್ಟರ್ ಒಬ್ಬ ಒಮ್ಮೆ ಪಕ್ಕದವನ ತಟ್ಟೆಗೆ ಬ್ರೆಡ್ಡು ತುರುಕಲು ಹೋದ. ಸೌಟು ಬಂದು ಅವನ ಮಣಿಕಟ್ಟಿನ ಮೇಲೆ ಟಕ್ಕೆಂದು ಕೂತಿತು.

"ಬೇಡ ಅಂದ್ನಾ ಅವನು?"

"ಅಂದ ಅಕ್ಕಾ. ಆದ್ರೆ ಅದು ಸುಮ್ನೆ ಬಾಯಿಮಾತಿಗೆ..."

"ಬೇಡ ಅನ್ನೋದನ್ನ ಬಾಯಲ್ಲೇ ಹೇಳ್ಬೇಕಪ್ಪ. ಮತ್ತೆಲ್ಲಿಂದ ಹೇಳ್ಲಿ ಅಂತೀಯ?"

ಬೆಂಚುಗಳೆಲ್ಲ ಗೊಳ್ಳೆಂದವು. ಫಿಟ್ಟರ್ ಕೈ ಉಜ್ಜಿಕೊಳ್ಳುತ್ತ ತಾನೂ ನಕ್ಕ. ಮಣಿಕಟ್ಟು ಮಾತ್ರ ಸಂಜೆಯ ಹೊತ್ತಿಗೆ ಊದಿಕೊಂಡಿತ್ತು. ಸೌಟಕ್ಕ ತಮಾಷೆಗೆ ಹೊಡೆಯುವ ಪೈಕಿಯಲ್ಲ.

ಅವಳದೂ ಊಟ ಅಲ್ಲೇ. ಎಲ್ಲರದೂ ಆದ ಮೇಲೆ, ಒಲೆ ಆರಿಸಿ, ಗೋಡೆಗೆ ಬೆನ್ನು ಕೊಟ್ಟು, ತಟ್ಟೆಯನ್ನು ಎದೆಯ ಹತ್ತಿರ ಹಿಡಿದು ತಿನ್ನುತ್ತಿದ್ದಳು. ಬೆನ್ನ ಹಿಂದೆ ಗೋಡೆ ಇರಲೇಬೇಕು. ಹಾಗೆ ತಿಂದದ್ದು ಹೊಟ್ಟೆಯಲ್ಲಿ ತೆಪ್ಪಗೆ ಕೂರುತ್ತಿತ್ತು. ವರ್ಷವೆಲ್ಲ ಅವಳಿಗೂ ಅನ್ನಕ್ಕೂ ಯಾವ ತಕರಾರೂ ಇರಲಿಲ್ಲ. ತಕರಾರು ಶುರುವಾಗುತ್ತಿದ್ದದ್ದು ವರ್ಷದ ಕೊನೆಯ ದೊಡ್ಡ ರಜೆಗೆ. ಆಗ ಗಿರಣಿಗೆ ಬೀಗ, ಕ್ಯಾಂಟೀನಿಗೆ ಬೀಗ. ಸೌಟಕ್ಕ ಅಣ್ಣನ ಮನೆಗೆ ಹೋಗುತ್ತಿದ್ದಳು. ಅಲ್ಲಿ ಒಂದೋ ಎದುರಿಗಿಟ್ಟ ತಟ್ಟೆಯನ್ನು ಗೋಡೆಗೆ ಬೀಸುತ್ತಿದ್ದಳು, ಇಲ್ಲವೋ ಹಾಕಿದ್ದನ್ನೆಲ್ಲ ಮೈಮೇಲೆ ಬಂದವಳಂತೆ ಗಬಗಬ ಮುಕ್ಕಿ, ಹಿತ್ತಲ ಚರಂಡಿಯ ಹತ್ತಿರ ಕೂತು ಕರುಳೇ ಕಿತ್ತು ಬರುವ ಹಾಗೆ ಕಾರಿಕೊಳ್ಳುತ್ತಿದ್ದಳು. ಹೋದ ರಜೆಯಲ್ಲಿ ಅನ್ನದ ಹಿಂದೆ ರಕ್ತ ಬಂತು. ಬಟ್ಟಲುಗಟ್ಟಲೆ ಬಂತು.

ಆಸ್ಪತ್ರೆಯ ಡಾಕ್ಟರಮ್ಮ ಹೊಸಬಳು. ಗಂಟಲೊಳಗೆ ಕೊಳವೆ ಇಳಿಸಿ ನೋಡಬೇಕು ಎಂದಳು. ಕೊಳವೆ ಎಂಬ ಮಾತು ಕೇಳಿದ್ದೇ ಸೌಟಕ್ಕ ಮಂಚದಿಂದ ಹಾರಿ, ಔಷಧಿಯ ಟ್ರೇ ನೆಲಕ್ಕೆ ಬಡಿದು, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಕೈಯಲ್ಲಿ ಗ್ಲೂಕೋಸಿನ ಕಬ್ಬಿಣದ ಸ್ಟ್ಯಾಂಡು ಇತ್ತು. ಡಾಕ್ಟರಮ್ಮ ಯಾರನ್ನೂ ಕೂಗಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡು ಕೂತಳು.

"ಕೊಳವೆ ಬೇಡ ಬಿಡಿ. ನೋಡದೇನೇ ಹೇಳ್ತೀನಿ. ವಾಂತಿ ಮಾಡಿ ಮಾಡಿ ಅನ್ನನಾಳ ಹರಿದಿದೆ. ಇನ್ನೊಂದ್ಸಲ ಹೀಗಾದ್ರೆ ರಕ್ತ ನಿಲ್ಲಿಸೋಕೆ ನನ್ ಕೈಲಾಗಲ್ಲ. ಸಾಯ್ತೀರಿ."

"ಸ್ಪಷ್ಟವಾಗಿ ಹೇಳಿದ್ರಿ. ಒಳ್ಳೇದಾಯ್ತು."

"ರಜೆ ಟೈಮಲ್ಲಿ ಮಾತ್ರ ಯಾಕೆ ಹೀಗಾಗತ್ತೆ? ಊಟದ ಜೊತೆ ಸ್ವಲ್ಪ ನೆಮ್ಮದಿಯಿಂದ ಇರೋದನ್ನ ಕಲೀಬೇಕು ನೀವು."

"ಊಟದ ಜೊತೆ ನಂಗೇನೂ ಜಗಳ ಇಲ್ಲ ಡಾಕ್ಟ್ರಮ್ಮ. ಜಗಳ ಇರೋದು ಬಡಿಸೋರ ಜೊತೆ."

ಡಾಕ್ಟರಮ್ಮ ಒಂದು ಉಪಾಯ ಹೇಳಿದಳು. ನಿಮ್ಮ ತಟ್ಟೆ ನೀವೇ ಒಯ್ಯಿರಿ. ನೀವೇ ಹಾಕಿಕೊಳ್ಳಿ. ಬಾಗಿಲಲ್ಲೇ ಎಲ್ಲರಿಗೂ ಹೇಳಿಬಿಡಿ. ಒಂದು ತಟ್ಟೆ ಊಟ, ನಿಧಾನವಾಗಿ, ಅಷ್ಟೇ. ಅದು ಹೊಟ್ಟೆಯಲ್ಲಿ ನಿಂತರೆ ಗೆದ್ದಿರಿ. ಆಗಲ್ಲ ಅಂದರೆ ಹೋಗಲೇಬೇಡಿ.

ಹೋಗದಿರುವುದು ಸೌಟಕ್ಕನಿಗೆ ಸಾಧ್ಯವಿರಲಿಲ್ಲ. ಅಣ್ಣ ಬಿಟ್ಟರೆ ಅವಳಿಗೆ ಹತ್ತಿರದವರು ಯಾರೂ ಇರಲಿಲ್ಲ, ಅದೊಂದು. ಹೋಗದಿದ್ದರೆ ಹೆದರಿದಳು ಅಂತಾಗುತ್ತದೆ, ಅದಿನ್ನೊಂದು. ಈ ಎರಡನೆಯದೇ ಹೆಚ್ಚು ತೂಕದ್ದು.

*

ಆ ಜಗಳ ಹಳೆಯದು. ಸೌಟಕ್ಕ ಆಗ ಗಿರಣಿಯಲ್ಲಿ ನೂಲು ಸುತ್ತುವ ಕೆಲಸದಲ್ಲಿದ್ದಳು. ಗಿರಣಿಯವರು ಊಟದ ಬಿಡುವನ್ನೇ ಕಿತ್ತು ಹಾಕಿದರು. ಯಂತ್ರ ನಿಲ್ಲಿಸುವಂತಿಲ್ಲ, ನಿಂತಲ್ಲೇ ತಿನ್ನಿ ಎಂದರು. ಹೆಂಗಸರು ಒಂದು ಕೈಯಲ್ಲಿ ದಾರ, ಒಂದು ಕೈಯಲ್ಲಿ ಬ್ರೆಡ್ಡು ಹಿಡಿದು ತಿಂದರು. ಹತ್ತಿಯ ಧೂಳು ಬಿದ್ದು ಬ್ರೆಡ್ಡಿಗೆ ಬೂಸ್ಟು ಬಂದಂತೆ ಕಾಣುತ್ತಿತ್ತು. ಪಕ್ಕದ ಯಂತ್ರದವಳು ಒಂದು ದಿನ ಬ್ರೆಡ್ಡಿನ ಕೈಯನ್ನು ದಾರದ ಕಡೆಗೂ, ದಾರದ ಕೈಯನ್ನು ಬಾಯಿಯ ಕಡೆಗೂ ಒಯ್ದಳು. ಯಂತ್ರಕ್ಕೆ ಬ್ರೆಡ್ಡೇನು ಬೆರಳೇನು. ಅವಳ ಅಂಗೈ ಸುರುಳಿಗೆ ಸುತ್ತಿಕೊಂಡು ಹೋಯಿತು. ಬಿಳಿ ನೂಲು ಎಷ್ಟೋ ದೂರದವರೆಗೆ ಕೆಂಪಗೆ ಓಡಿತು.

ಮಾರನೆಯ ದಿನ ಹೆಂಗಸರು ಗೇಟಿನೆದುರು ಕೂತರು. ಊಟದ ಬಿಡುವು ಕೊಡುವವರೆಗೂ ಊಟ ಮುಟ್ಟುವುದಿಲ್ಲ ಎಂದರು. ಪೊಲೀಸರು ಲಾಠಿ ಬೀಸಿದರು, ಜಡೆ ಹಿಡಿದು ವ್ಯಾನಿಗೆ ತುಂಬಿದರು. ಜೈಲಿನಲ್ಲೂ ಹೆಂಗಸರು ತಟ್ಟೆ ಮುಟ್ಟಲಿಲ್ಲ. ಆಗ ಗಂಟಲಿಗೆ ರಬ್ಬರ್ ಕೊಳವೆ ಹಾಕಿ ಹಾಲು, ಮೊಟ್ಟೆ ಸುರಿಯುವ ಆಟ ಶುರುವಾಯಿತು. ಕಾಲಿಗೊಬ್ಬರು, ಕೈಗೊಬ್ಬರು, ತಲೆ ಹಿಡಿಯಲು ಒಬ್ಬರು. ಹಲ್ಲಿನ ನಡುವೆ ಮರದ ತುಂಡು. ಸೌಟಕ್ಕನ ಕೋಣೆಯಲ್ಲೇ ಇದ್ದ, ಹಾಡು ಹೇಳುವ ಹುಡುಗಿ ಕೊಸರಾಡಿದಳು. ಕೊಳವೆ ದಾರಿ ತಪ್ಪಿತು. ಹಾಲು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಯಿತು. ಬೆಳಗಾಗುವಷ್ಟರಲ್ಲಿ ಹುಡುಗಿ ನೀಲಿಗಟ್ಟಿ ಸತ್ತಳು, ಹಾಲಿನಲ್ಲಿ ಮುಳುಗಿ.

ಆಮೇಲೆ ಸೌಟಕ್ಕನ ಸರದಿ. ಜೈಲಿನವರು ಬುದ್ಧಿ ಉಪಯೋಗಿಸಿದರು, ಮನೆಯವರನ್ನೇ ಕರೆಸಿದರು. ಅಣ್ಣ ಅದೇ ಗಿರಣಿಯಲ್ಲಿ ಮೇಸ್ತ್ರಿ. ಆಳೆತ್ತರ, ದಪ್ಪ ಕುತ್ತಿಗೆ, ಹಂಡೆಯಂಥ ಎದೆ. ಬಂದವನು ಮೊದಲು ಬೇಡಿಕೊಂಡ, ಆಮೇಲೆ ಬೈದ, ಕೊನೆಗೆ ಅಂಗಿಯ ತೋಳು ಮಡಚಿದ.

"ತಲೆ ನಾನು ಹಿಡೀತೀನಿ. ನೀವು ಹಿಡಿದ್ರೆ ಸಾಯಿಸ್ತೀರಿ."

ಅವನ ಹೆಬ್ಬೆರಳು ಕಿವಿಯ ಕೆಳಗೆ, ದವಡೆಯ ಕೀಲಿಗೆ ಬಂದು ಕೂತಿತು. ಅಲ್ಲಿ ಒತ್ತಿದರೆ ಎಂಥವರ ಬಾಯಿಯೂ ತೆರೆಯುತ್ತದೆ. ಚಿಕ್ಕಂದಿನಲ್ಲಿ ಔಷಧಿ ಕುಡಿಸುವಾಗ ಅವ್ವ ಒತ್ತುತ್ತಿದ್ದ ಜಾಗ ಅದು. ಬಾಯಿ ತೆರೆಯಿತು. ಮರದ ತುಂಡು ಇಡುವ ಮೊದಲೇ ಸೌಟಕ್ಕ ಹಲ್ಲು ಕಚ್ಚಿದಳು. ಅಣ್ಣನ ತೋರುಬೆರಳು ಅಡ್ಡವಿತ್ತು. ಅವನು ಕಿರುಚಿದ, ಆದರೆ ಗದ್ದ ಬಿಡಲಿಲ್ಲ. ಕೊಳವೆ ಇಳಿಯಿತು, ಸರಿಯಾದ ದಾರಿಯಲ್ಲೇ ಇಳಿಯಿತು. ಹಾಲು, ಮೊಟ್ಟೆ, ಅಣ್ಣನ ರಕ್ತ ಮೂರೂ ಸೇರಿ ಅವಳ ಹೊಟ್ಟೆಗೆ ಹೋದವು. ಬೆರಳಿನ ತುದಿ ಮಾತ್ರ ನೆಲದ ಮೇಲೆಲ್ಲೂ ಸಿಗಲಿಲ್ಲ.

ಊಟದ ಬಿಡುವು ಗಿರಣಿಗೆ ವಾಪಸು ಬಂತು. ಸೌಟಕ್ಕನಿಗಲ್ಲ, ಅವಳನ್ನು ಕೆಲಸದಿಂದ ಒದ್ದು ಹಾಕಿದರು. ಅವಳು ಗೇಟಿನ ಎದುರೇ ಒಲೆ ಹೂಡಿದಳು. ತಾನು ಗೆದ್ದುಕೊಟ್ಟ ಬಿಡುವಿನಲ್ಲಿ ಉಳಿದವರಿಗೆ ಅನ್ನ ಹಾಕಿದಳು. ಹಾಕಿದಳು ಎನ್ನಬಾರದು, ಇಟ್ಟಳು.

ಅಣ್ಣ ಆ ಮೊಂಡು ಬೆರಳನ್ನು ಪದಕದಂತೆ ಮೆರೆಸಿದ. ದೊಡ್ಡ ರಜೆಯ ಊಟಕ್ಕೆ ಎಲ್ಲ ಕೂತಾಗ ಬೆರಳು ಎತ್ತಿ ತೋರಿಸುತ್ತಿದ್ದ.

"ನೋಡ್ರಪ್ಪ, ಲೋಕದಲ್ಲಿ ಯಾರಾದ್ರೂ ಹಣ್ಣಿನ ರಸ ಕುಡಿದು ಉಪವಾಸ ಮುರೀತಾರೆ. ನನ್ ತಂಗಿ ನನ್ ಬೆರಳು ತಿಂದು ಮುರಿದ್ಳು! ಉಪ್ಪೂ ಕೇಳ್ಲಿಲ್ಲ!"

ಎಲ್ಲರೂ ನಗುತ್ತಿದ್ದರು. ನಗು ಇಳಿಯುವ ಮೊದಲೇ ಅತ್ತಿಗೆ ಬೆನ್ನ ಹಿಂದಿನಿಂದ ಬಂದು ತಟ್ಟೆಗೆ ಇನ್ನೊಂದು ಸೌಟು ಸುರಿಯುತ್ತಿದ್ದಳು. "ತಿನ್ನೇ, ಒಣಗಿ ಹೋಗಿದ್ದೀಯ." ಅಷ್ಟು ಸಾಕಿತ್ತು. ಒಂದು ವರ್ಷ ಅಣ್ಣನ ಮಗನ ಹುಬ್ಬು ಸೀಳಿತು, ಹಾರಿದ ತಟ್ಟೆ ಅವನಿಗೆ ಬಡಿದು. ಇನ್ನೊಂದು ವರ್ಷ ಮೇಜು ಮಗುಚಿ ಬಿಸಿ ಸಾರು ಅತ್ತಿಗೆಯ ಕಾಲ ಮೇಲೆ ಬಿತ್ತು. ಅಣ್ಣ ತಂಗಿ ಅಂಗಳದಲ್ಲಿ ಕೊರಳಪಟ್ಟಿ ಹಿಡಿದು ನಿಂತದ್ದೂ ಇತ್ತು.

"ನಾನು ಹಿಡೀದೆ ಇದ್ದಿದ್ರೆ ಆ ಹಾಡು ಹೇಳೋ ಹುಡುಗಿ ಥರ ಸಾಯ್ತಿದ್ದೆ ನೀನು! ಇವತ್ತು ತಟ್ಟೆ ಎಸೆಯೋಕೆ ಕೈ ಇದೆಯಲ್ಲ, ಆ ಕೈ ನಾನು ಕೊಟ್ಟಿದ್ದು!"

ಅದು ನಿಜ. ಅದು ನಿಜವೆಂದು ಸೌಟಕ್ಕನಿಗೆ ಗೊತ್ತಿತ್ತು. ಮೈ ಉರಿಯುತ್ತಿದ್ದದ್ದೂ ಅದಕ್ಕೇ.

*

ಈ ಸಲ ರಜೆ ಬರುವ ಮುಂಚೆಯೇ ಅಣ್ಣನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗಡೆಯೆಲ್ಲ ಜೋತುಬಿತ್ತು. ಮಾತು ಹೋಯಿತು, ಬೈಗುಳ ಮಾತ್ರ ಉಳಿಯಿತು. ನೀರು ಬೇಕೆಂದರೂ ಬೋಳಿಮಗನೆ, ಕಿಟಕಿ ಮುಚ್ಚೆಂದರೂ ಬೋಳಿಮಗನೆ. ನುಂಗಲು ಏನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆದರೂ ಅವನು ಊಟ ಬಿಟ್ಟ. ಅಣ್ಣನ ಮಗ ಫೋನು ಮಾಡಿದ.

"ಅತ್ತೆ, ಅಪ್ಪ ಬಾಯಿ ಬಿಡ್ತಾನೇ ಇಲ್ಲ. ರಜೆಗೆ ಬರ್ತೀರಲ್ಲ, ಸ್ವಲ್ಪ ಬೇಗ ಬನ್ನಿ."

"ಬರ್ತೀನಿ. ಆದ್ರೆ ನಿಮ್ಮವ್ವನಿಗೆ ಹೇಳು, ಈ ಸಲ ನನ್ ತಟ್ಟೆಗೆ ಯಾರೂ ಕೈ ಹಾಕೋ ಹಾಗಿಲ್ಲ. ಮತ್ತೆ ರಕ್ತ ಬಂದ್ರೆ ಸಾಯ್ತೀನಂತೆ."

ಫೋನು ಕಿತ್ತುಕೊಂಡ ಅತ್ತಿಗೆಯ ದನಿ ಬಂತು. "ಅಯ್ಯೋ, ಮನೆಗೆ ಬಂದೋರಿಗೆ ಬಡಿಸದೆ ಇರೋಕಾಗತ್ತೇನೇ? ನೋಡಿದೋರು ಏನಂತಾರೆ?"

"ನೋಡೋರು ಯಾರಿದ್ದಾರೆ ಅತ್ತಿಗೆ ಅಲ್ಲಿ?"

"ನಾನಿದ್ದೀನಲ್ಲ!"

ರಜೆಯ ಮಧ್ಯಾಹ್ನ ಸೌಟಕ್ಕ ಚೀಲದಲ್ಲಿ ತನ್ನ ಅಲ್ಯೂಮಿನಿಯಂ ತಟ್ಟೆ ಇಟ್ಟುಕೊಂಡು ಹೊರಟಳು. ಸೌಟನ್ನೂ ಹಾಕಿಕೊಂಡಳು. ಯಾಕೆಂದು ತನ್ನನ್ನೇ ಕೇಳಿಕೊಳ್ಳಲಿಲ್ಲ. ಬಸ್ಸಿನಲ್ಲಿ ಜನ ಪೊಟ್ಟಣ, ಡಬ್ಬಿ, ಬುಟ್ಟಿ ಹೊತ್ತು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಇಡೀ ಊರೇ ಯಾರದೋ ಬಾಯಿಗೆ ಏನನ್ನೋ ತುರುಕಲು ಹೊರಟಂತಿತ್ತು. ಅವಳು ಕಿಟಕಿಗೆ ತಲೆ ಆನಿಸಿ ಮನಸ್ಸಿನಲ್ಲೇ ಹೇಳಿಕೊಂಡಳು. ಒಂದು ತಟ್ಟೆ. ನಿಧಾನವಾಗಿ. ಒಳಗೇ ನಿಲ್ಲಬೇಕು.

ಮನೆ ಎರಡನೆಯ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗಲೇ ಮಾಂಸದ ಸಾರಿನ ವಾಸನೆ ಇಳಿದು ಬಂತು. ವಾಸನೆಯ ಹಿಂದೆಯೇ ಒಂದು ಸದ್ದು, ಹಲ್ಲಿಗೆ ಸ್ಟೀಲು ತಾಗುವ ಸದ್ದು. ಆ ಸದ್ದು ಸೌಟಕ್ಕನ ಹಲ್ಲಿಗೆ ಗೊತ್ತಿತ್ತು.

ಬಾಗಿಲು ತೆರೆದೇ ಇತ್ತು. ಮೇಜಿನ ತಲೆಗೆ, ಕೈಯಿದ್ದ ಕುರ್ಚಿಯಲ್ಲಿ ಅಣ್ಣನನ್ನು ಕೂರಿಸಿ, ಬೀಳದಿರಲೆಂದು ಹಳೆಯ ಸೀರೆಯಿಂದ ಸೊಂಟ ಬಿಗಿದಿದ್ದರು. ಅವನ ಮಗ ಹಿಂದೆ ನಿಂತು ಹಣೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದಿದ್ದ. ಅತ್ತಿಗೆ ಮುಂದೆ ನಿಂತು, ಸಾರಿನಲ್ಲಿ ಕಿವುಚಿದ ಅನ್ನವನ್ನು ಚಮಚದಲ್ಲಿ ಎತ್ತಿ ತುಟಿಗೆ ಗುದ್ದುತ್ತಿದ್ದಳು. ಕೆಳದುಟಿ ಒಡೆದಿತ್ತು. ಗದ್ದದಿಂದ ಸಾರು ಸುರಿಯುತ್ತಿತ್ತು. ಅದರಲ್ಲಿ ಕೆಂಪು ಗೆರೆ. ಅಣ್ಣ ಹಲ್ಲು ಕಚ್ಚಿಕೊಂಡು, ಮೂಗಿನಲ್ಲಿ ಗೂಳಿಯಂತೆ ಉಸಿರು ಬಿಡುತ್ತಿದ್ದ.

"ರಜಾ ದಿನ ಹೊಟ್ಟೆ ತುಂಬ ತಿನ್ನದೆ ಇದ್ರೆ ಹೇಗೆ? ನಿಮಗೋಸ್ಕರ ಬೆಳಗಿಂದ ಬೇಯ್ಸಿದ್ದೀನಿ. ಒಂದು ತುತ್ತು. ಒಂದೇ ಒಂದು!" ಅತ್ತಿಗೆ ಅಳುತ್ತಿದ್ದಳು. ಅಳುತ್ತಲೇ ಗುದ್ದುತ್ತಿದ್ದಳು.

ಅಣ್ಣನ ಮಗ ತಲೆಯೆತ್ತಿ ನೋಡಿದ. ಅವನ ಮುಖದಲ್ಲಿ ಬದುಕಿದೆ ಎಂಬ ಕಳೆ ಬಂತು.

"ಅತ್ತೆ, ಬಂದ್ರಾ! ಬನ್ನಿ ಬನ್ನಿ, ಗದ್ದ ಸ್ವಲ್ಪ ಹಿಡ್ಕೊಳ್ಳಿ. ನಂಗೊಬ್ಬನಿಗೇ ಆಗ್ತಿಲ್ಲ. ನಿಮ್ ಕೈಯಲ್ಲಿ ಬಲ ಇದೆ."

ಲೋಕದಲ್ಲಿ ಇಷ್ಟೊಂದು ಜನರಿರುವಾಗ ಈ ಕೆಲಸಕ್ಕೆ ಅವರು ಕರೆದದ್ದು ಸೌಟಕ್ಕನನ್ನು. ಅವರಿಗೆ ಅದು ಹೊಳೆಯಲೂ ಇಲ್ಲ. ವರ್ಷವರ್ಷವೂ ಆ ಕತೆಗೆ ನಕ್ಕು ನಕ್ಕು, ಅದು ನಡೆದದ್ದು ಎಂಬುದನ್ನೇ ಮರೆತಿದ್ದರು.

ಸೌಟಕ್ಕ ಅಣ್ಣನ ಕುರ್ಚಿಯ ಪಕ್ಕದಲ್ಲೇ ಚೀಲ ಇಳಿಸಿದಳು. ನಲ್ಲಿಯಲ್ಲಿ ಕೈ ತೊಳೆದಳು. ಸೆರಗಿಗೆ ಒರೆಸಿಕೊಂಡು ಬಂದು ಅಣ್ಣನ ಪಕ್ಕ ನಿಂತಳು. ಅವಳ ಹೆಬ್ಬೆರಳು ತಾನಾಗಿ ಹೋಗಿ ಕಿವಿಯ ಕೆಳಗಿನ ಕೀಲಿಗೆ ಕೂತಿತು. ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒತ್ತಿದಳು. ಬಾಯಿ ತೆರೆಯಿತು. ಅತ್ತಿಗೆ ಚಮಚ ನೂಕಿದಳು. ಅಣ್ಣ ಕೆಮ್ಮಿ, ಉಗುಳಿ, ಕೊನೆಗೆ ನುಂಗಿದ. ಇನ್ನೊಂದು ಚಮಚ. ಮತ್ತೆ ಒತ್ತಿದಳು. ಅವನ ಎಡಗಣ್ಣು ಮೇಲಕ್ಕೆ ತಿರುಗಿ ಅವಳನ್ನೇ ನೋಡುತ್ತಿತ್ತು. ಯಾರ ಕೈ ಎಂದು ಅವನಿಗೆ ಗೊತ್ತಾಗಿತ್ತು.

ಅವಳಿಗೆ ಹಿತವಾಯಿತು. ಮುಚ್ಚಿಡುವುದು ಯಾಕೆ, ಬಿಸಿಲಲ್ಲಿ ನಡೆದು ಬಂದವಳಿಗೆ ತಣ್ಣೀರು ಸಿಕ್ಕಷ್ಟು ಹಿತವಾಯಿತು. ಇಷ್ಟು ವರ್ಷ ಚರಂಡಿಗೆ ಕಾರಿದ್ದನ್ನೆಲ್ಲ ಒಂದೊಂದೇ ಚಮಚದಲ್ಲಿ ವಾಪಸು ಕೊಡುತ್ತಿದ್ದೇನೆ ಎನ್ನಿಸಿತು.

"ತಿನ್ನು ಅಣ್ಣ. ಒಣಗಿ ಹೋಗಿದ್ದೀಯ."

ಮೂರನೆಯ ಸಲ ಒತ್ತಿದಾಗ ಅವಳ ತೋರುಬೆರಳು ಜಾರಿ ಅವನ ತುಟಿಯೊಳಗೆ ಹೋಯಿತು. ಅಣ್ಣ ಕಚ್ಚಿದ.

ಅರ್ಧ ಮೈ ಸತ್ತವನ ದವಡೆ ಅದಲ್ಲ. ಹಲ್ಲು ಚರ್ಮ ದಾಟಿ, ಮಾಂಸ ದಾಟಿ, ಎಲುಬಿಗೆ ತಾಗಿ ನಿಂತಿತು. ನೋವು ಮೊಣಕೈವರೆಗೆ ಬೆಂಕಿಯ ತಂತಿಯಂತೆ ಓಡಿತು. ಸೌಟಕ್ಕ ಕಿರುಚಲಿಲ್ಲ, ಕಿರುಚಿದವಳು ಅತ್ತಿಗೆ. ಅಣ್ಣನ ಮಗ "ಬಿಡೋ ಮುದುಕಾ!" ಎಂದು ಕೂಗಿ ಅಪ್ಪನ ಕೆನ್ನೆಗೆ ಬಾರಿಸಿದ. ಒಂದು ಹೊಡೆತಕ್ಕೆ ಬಿಡಲಿಲ್ಲವೆಂದು ಇನ್ನೊಂದು ಬಾರಿಸಿದ. ಕುತ್ತಿಗೆ ಕಳಚಿದ ಗೊಂಬೆಯ ಹಾಗೆ ಅಣ್ಣನ ತಲೆ ಅತ್ತ ಹೊರಳಿತು. ಹಲ್ಲು ಮಾತ್ರ ಸಡಿಲವಾಗಲಿಲ್ಲ.

ಸೌಟಕ್ಕನ ಎಡಗೈ ಚೀಲಕ್ಕೆ ಹೋದದ್ದು ಯಾರಿಗೂ ಕಾಣಲಿಲ್ಲ, ಸೌಟು ಇಳಿದದ್ದು ಕಂಡಿತು. ಅಣ್ಣನ ಮಗನ ಮೂಗು ಒಣ ಕಡ್ಡಿಯಂತೆ ಲಟಕ್ಕೆಂದಿತು. ಅವನು ಹಿಂದಕ್ಕೆ ಬಿದ್ದ. ಬೀಳುವಾಗ ಮೇಜಿನ ಬಟ್ಟೆ ಹಿಡಿದ. ಸಾರಿನ ಪಾತ್ರೆ, ಗಾಜಿನ ಲೋಟಗಳು, ಹುರಿದ ಕೋಳಿ ಎಲ್ಲ ಅವನ ಮೇಲೇ ಸುರಿದವು.

ಅಣ್ಣ ಬಾಯಿ ಬಿಟ್ಟ. ಬೆರಳು ಹೊರಗೆ ಬಂತು. ತುದಿ ಇನ್ನೂ ಇತ್ತು, ನೇತಾಡುತ್ತಿತ್ತು.

"ಅತ್ತೆ!" ಮೂಗು ಹಿಡಿದುಕೊಂಡ ಮಗನ ಬೆರಳ ಸಂದಿನಿಂದ ರಕ್ತ ಚಿಮ್ಮುತ್ತಿತ್ತು. "ನಿಮ್ನ ಬಿಡಿಸೋಕೆ ಹೊಡೆದೆ ನಾನು! ಅವನು ನಿಮ್ ಬೆರಳು ತಿಂತಿದ್ದ!"

"ತಿನ್ಲಿ. ನಾನೂ ತಿಂದಿದ್ದೆ."

ಸೌಟಕ್ಕ ಕುರ್ಚಿ ಎಳೆದುಕೊಂಡು ಕೂತಳು. ಎದುರಿಗೆ ಅಣ್ಣ. ಅವನ ಬಾಯಿಯ ಸುತ್ತ ಅವಳ ರಕ್ತ, ಅವಳ ಮಡಿಲಲ್ಲಿ ಅವನು ಉಗುಳಿದ ಅನ್ನ. ಅವನ ಒಳ್ಳೆಯ ಕಣ್ಣು ಅವಳ ಬೆರಳಿನ ಮೇಲಿತ್ತು. ಆಮೇಲೆ ತನ್ನ ತೊಡೆಯ ಮೇಲೆ ಸತ್ತಂತೆ ಬಿದ್ದ ಬಲಗೈಯ ಮೊಂಡು ಬೆರಳಿನ ಮೇಲೆ ಹೋಯಿತು. ಮತ್ತೆ ಅವಳ ಮೇಲೆ ಬಂತು. ಇಬ್ಬರದೂ ಒಂದೇ ಬೆರಳು, ಒಂದೇ ಕಡೆ.

"ಬೋಳಿಮಗನೆ," ಎಂದ ಅಣ್ಣ, ಮೆಲ್ಲಗೆ.

"ಹೂಂ ಕಣೋ. ನಾನೂ ಅದೇ ಅಂದಿದ್ದೆ ಅವತ್ತು. ನಿಂಗೆ ಕೇಳ್ಸಿರ್ಲಿಲ್ಲ, ಬಾಯಲ್ಲಿ ನಿನ್ ಕೈ ಇತ್ತು."

ಅತ್ತಿಗೆ ಬೇರೆ ಬಟ್ಟಲು ತಂದಳು. ಒಲೆಯ ಮೇಲೆ ಇನ್ನೊಂದು ಪಾತ್ರೆ ಸಾರು ಉಳಿದಿತ್ತು. ಅವಳ ಮನೆಯಲ್ಲಿ ಯಾವಾಗಲೂ ಇನ್ನೊಂದು ಪಾತ್ರೆ ಇರುತ್ತಿತ್ತು. ಚಮಚ ಮತ್ತೆ ಗಂಡನ ಬಾಯಿಯ ಕಡೆ ಹೊರಟಿತು. ನೆಲದ ಮೇಲೆ ಮಗನ ರಕ್ತ, ಕುರ್ಚಿಯಲ್ಲಿ ಗಂಡನ ರಕ್ತ, ಆದರೂ ಚಮಚ ಹೊರಟಿತು. ಆ ಕೈಗೆ ಬೇರೆ ಕೆಲಸವೇ ಗೊತ್ತಿರಲಿಲ್ಲ.

"ಕೈ ಕೆಳಗೆ, ಅತ್ತಿಗೆ."

"ಅವರು ತಿನ್ನದೆ ಸತ್ತು ಹೋದ್ರೆ?"

"ತುರುಕಿದ್ರೂ ಸಾಯ್ತಾರೆ. ನಾನು ನೋಡಿದ್ದೀನಿ. ಕೈ ಕೆಳಗೆ. ಇಲ್ಲಾಂದ್ರೆ ಅದನ್ನೂ ಮುರೀತೀನಿ."

ಅತ್ತಿಗೆ ಚಮಚ ಕೆಳಗಿಟ್ಟಳು. ಸೌಟಕ್ಕ ಕೈವಸ್ತ್ರವನ್ನು ಹಲ್ಲಿನಿಂದ ಎಳೆದು ಬೆರಳಿಗೆ ಬಿಗಿದಳು. ಎದ್ದು ಅಣ್ಣನ ಸೊಂಟದ ಸೀರೆ ಬಿಚ್ಚಿದಳು. ಅವನು ವಾಲಿದ. ಅವನ ಬಲಗಡೆಗೆ ದಿಂಬು ತುರುಕಿದಳು. ಅನ್ನದ ಪಾತ್ರೆ, ಸಾರು, ಬ್ರೆಡ್ಡು ತಂದು ಅವನ ಎಡಗೈಗೆ ಎಟುಕುವಲ್ಲಿ ಇಟ್ಟಳು. ಕ್ಯಾಂಟೀನಿನಲ್ಲಿ ಇಡುವ ಹಾಗೆಯೇ, ಸಾಲಾಗಿ. ಖಾಲಿ ತಟ್ಟೆಯೊಂದನ್ನು ಅವನ ಮುಂದಿಟ್ಟಳು.

ತನ್ನ ತಟ್ಟೆ ತೆಗೆದಳು. ಒಂದು ಹಿಡಿ ಅನ್ನ, ಒಂದು ಸೌಟು ಸಾರು ತಾನೇ ಹಾಕಿಕೊಂಡಳು. ಕುರ್ಚಿಯನ್ನು ಗೋಡೆಗೆ ಒತ್ತಿ ಕೂತಳು. ಬಲಗೈ ಸಿಡಿಯುತ್ತಿತ್ತು, ಎಡಗೈಯಲ್ಲಿ ಚಮಚ ಹಿಡಿದಳು. ಮೊದಲ ತುತ್ತು ನುಂಗಿದಾಗ ಹೊಟ್ಟೆ ಮುಷ್ಟಿ ಕಟ್ಟಿತು. ಚಮಚ ತಡೆದು ಉಸಿರಾಡಿದಳು. ಎರಡನೆಯದು. ಮಗನ ಮೂಗಿನಿಂದ ಸಾರಿನ ಕೆಸರಿಗೆ ರಕ್ತ ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು.

"ನೀವು ಯಾಕೆ ನಿಂತಿದ್ದೀರಿ ಅತ್ತಿಗೆ?"

"ಎಲ್ಲರದೂ ಆಗ್ಲಿ. ಆಮೇಲೆ ನಂದು."

"ಈ ಮನೇಲಿ ಯಾವತ್ತಾದ್ರೂ ಬಿಸಿ ಊಟ ತಿಂದಿದ್ದೀರಾ ನೀವು?"

ಮದುವೆಯಾಗಿ ಬಂದಾಗಿನಿಂದ ಅತ್ತೆ, ಅಂದರೆ ಸೌಟಕ್ಕನ ಅವ್ವ, ಅತ್ತಿಗೆಯ ಕೈಯ ರುಚಿಯನ್ನು ಉಳಿದವರ ತಟ್ಟೆ ನೋಡಿ ಅಳೆದಿದ್ದಳು. ತಟ್ಟೆಯಲ್ಲಿ ಅನ್ನ ಉಳಿದರೆ ಇವಳ ಬೆನ್ನಿಗೆ ಏಟು ಬೀಳುತ್ತಿತ್ತು. ಅತ್ತೆ ಸತ್ತು ಎಷ್ಟೋ ಕಾಲವಾಗಿತ್ತು, ಭಯ ಮಾತ್ರ ಸತ್ತಿರಲಿಲ್ಲ. ಅವಳು ಕುರ್ಚಿಯ ಅಂಚಿಗೆ, ಯಾರೋ ಎಬ್ಬಿಸುತ್ತಾರೆ ಎಂಬಂತೆ ಕೂತಳು. ಬ್ರೆಡ್ಡಿಗೆ ಕೈ ಹಾಕಿದಳು. ಆಮೇಲೆ ಕೋಳಿಯ ಕಾಲನ್ನು ನೆಲದಿಂದಲೇ ಎತ್ತಿ, ಗಾಜಿನ ಚೂರು ಕೊಡವಿ, ಎಲುಬು ಕಟಕಟ ಎನ್ನುವಂತೆ ಕಚ್ಚಿದಳು. ಅವಳಿಗೆ ಅಷ್ಟು ಹಸಿವಿದೆ ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

"ಅವ್ವ, ನನ್ ಮೂಗು!" ಎಂದ ಮಗ.

"ಇರೋ," ಎಂದಳು ಅತ್ತಿಗೆ, ಬಾಯಿ ತುಂಬಿಕೊಂಡು. "ತಿಂತಿದ್ದೀನಿ."

ಅಣ್ಣ ಬಹಳ ಹೊತ್ತು ಅಲುಗಲಿಲ್ಲ. ಆಮೇಲೆ ಎಡಗೈ ಮೇಜಿನ ಮೇಲೆ ಏಡಿಯಂತೆ ಹರಿಯಿತು. ಅನ್ನದ ಪಾತ್ರೆ ಮುಟ್ಟಿ ಬಿಟ್ಟಿತು. ಬ್ರೆಡ್ಡು ಹಿಡಿಯಿತು. ಸಾರಿನಲ್ಲಿ ಅದ್ದಿ ಬಾಯಿಗೆ ಒಯ್ಯುವಷ್ಟರಲ್ಲಿ ಅರ್ಧ ಅಂಗಿಯ ಮೇಲೆ ಬಿತ್ತು. ಉಳಿದದ್ದನ್ನು ಅಗಿದ. ಒಡೆದ ತುಟಿಗೆ ಉಪ್ಪು ತಾಗಿ ಕಣ್ಣಲ್ಲಿ ನೀರು ಬಂತು. ಅತ್ತಿಗೆಯ ಕೈ ಒರೆಸಲು ಮೇಲೆದ್ದಿತು, ಸೌಟಕ್ಕ ನೋಡಿದಳು, ಕೈ ಕೆಳಗಿಳಿಯಿತು. ಅವನು ಇನ್ನೊಂದು ತುಂಡು ತಿಂದ. ಮತ್ತೊಂದು ತುಂಡನ್ನು ಅರ್ಧ ತಿಂದು ತಟ್ಟೆಯನ್ನು ಮುಂದಕ್ಕೆ ನೂಕಿದ.

"ಬೋಳಿಮಗನೆ."

ಸಾಕು ಎನ್ನಲು ಅವನ ಬಳಿ ಉಳಿದಿದ್ದದ್ದು ಆ ಮಾತೊಂದೇ. ಸೌಟಕ್ಕ ಎದ್ದು ತಟ್ಟೆ ತೆಗೆದಳು. ಇನ್ನೊಂದು ಚೂರು ಎನ್ನಲಿಲ್ಲ. ಇಷ್ಟೇನಾ ಎನ್ನಲಿಲ್ಲ. ಅವಳ ತಟ್ಟೆಯೂ ಖಾಲಿಯಾಗಿತ್ತು.

ಹಳೆಯ ಅಭ್ಯಾಸಕ್ಕೆ ಕಾಲು ಹಿಂಬದಿಯ ಮೆಟ್ಟಿಲಿಳಿದು ಹಿತ್ತಲಿಗೆ ನಡೆಯಿತು. ಚರಂಡಿಯ ಹತ್ತಿರ ಗೋಡೆಗೆ ಕೈಕೊಟ್ಟು ನಿಂತಳು. ಹೊಟ್ಟೆ ಒಮ್ಮೆ ಮೇಲೆದ್ದಿತು. ಹುಳಿ ನೀರು ಗಂಟಲವರೆಗೆ ಬಂತು. ಬೆರಳು ಎದೆಬಡಿತಕ್ಕೆ ಸರಿಯಾಗಿ ಸಿಡಿಯುತ್ತಿತ್ತು. ಸೌಟಕ್ಕ ಹಲ್ಲು ಕಚ್ಚಿಕೊಂಡು ಕಾದಳು. ಪಕ್ಕದ ಮನೆಗಳ ಕಿಟಕಿಗಳಿಂದ ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಎನ್ನುವ ದನಿಗಳು ಕೇಳಿ ಬರುತ್ತಿದ್ದವು. ಹುಳಿ ನೀರು ಬಂದ ದಾರಿಯಲ್ಲೇ ಹಿಂತಿರುಗಿತು. ಅನ್ನ ಒಳಗೇ ನಿಂತಿತು.

ಮೇಲಕ್ಕೆ ಬಂದು ಅಣ್ಣನ ಮಗನನ್ನು ಕಿವಿ ಹಿಡಿದು ಎಬ್ಬಿಸಿದಳು. "ನಡಿ, ಆಸ್ಪತ್ರೆಗೆ. ನಿನ್ ಮೂಗು, ನನ್ ಬೆರಳು, ಎರಡನ್ನೂ ಒಂದೇ ಸಲ ಹೊಲಿಸ್ಕೊಂಡು ಬರೋಣ."

"ಕ್ಷಮಿಸಿ ಅಂತಾದ್ರೂ ಅನ್ನಿ ಅತ್ತೆ."

"ನಿಮ್ಮಪ್ಪನಿಗೆ ನೀನು ಅನ್ನು ಮೊದಲು. ಎರಡು ಸಲ ಹೊಡೆದೆಯಲ್ಲ, ಎರಡು ಸಲ ಅನ್ನು."

ಅಣ್ಣ ಆಮೇಲೂ ಬದುಕಿದ. ಕೆಲವು ದಿನ ತಿನ್ನುತ್ತಿದ್ದ, ಕೆಲವು ದಿನ ತಟ್ಟೆ ನೂಕುತ್ತಿದ್ದ. ಯಾರೂ ಅವನ ಗದ್ದಕ್ಕೆ ಕೈ ಹಾಕಲಿಲ್ಲ. ಮಗನ ಮೂಗು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತು. ಅತ್ತಿಗೆ ರಜೆಯಿರಲಿ ಬಿಡಲಿ, ಮೊದಲು ತಾನು ಕೂತು ತಿನ್ನತೊಡಗಿದಳು, ಮತ್ತು ಆ ವಿಷಯದಲ್ಲಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಸೌಟಕ್ಕನಿಗೂ ಅವಳ ಅಣ್ಣನಿಗೂ ರಾಜಿಯಾಯಿತು ಎಂದೇನೂ ಅಲ್ಲ. ಲೆಕ್ಕ ಬೆರಳಿಗೆ ಬೆರಳಾಯಿತು, ಅಷ್ಟೇ. ಹಾಡು ಹೇಳುತ್ತಿದ್ದ ಹುಡುಗಿಯ ಲೆಕ್ಕ ಇನ್ನೂ ಹಾಗೇ ಇದೆ. ಅದನ್ನು ಕೊಡಬೇಕಾದವರು ಆ ಮೇಜಿಗೆ ಯಾವತ್ತೂ ಬಂದು ಕೂರಲಿಲ್ಲ.

ರಜೆ ಮುಗಿದು ಗಿರಣಿಯ ಸೈರನ್ನು ಕೂಗಿದ ದಿನ ಹಂಡೆಗಳು ಮತ್ತೆ ಕಟ್ಟೆಯ ಮೇಲೆ ಸಾಲಾಗಿ ಕೂತವು. ಬ್ಯಾಂಡೇಜು ಸುತ್ತಿದ ಬೆರಳನ್ನು ಎಲ್ಲರೂ ನೋಡಿದರು, ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಗೆ ಆ ಫಿಟ್ಟರ್, ಮಣಿಕಟ್ಟನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಕೇಳಿದ.

"ಏನಕ್ಕಾ ಅದು? ಸಾರು ಬಿತ್ತಾ?"

"ಇಲ್ಲ ಕಣೋ," ಎಂದಳು ಸೌಟಕ್ಕ, ಹಂಡೆ ತಿರುವುತ್ತ. "ನಮ್ಮಣ್ಣ ಉಪವಾಸ ಮುರಿದ. ಉಪ್ಪೂ ಕೇಳ್ಲಿಲ್ಲ."